ಎರಡನೇ ನಾಯಿ ಎಲ್ಲಿದೆ?

ನಮಸ್ಕಾರ.

ನೀವು ಕಳಿಸಿದ ‘ಮರಳಿ ಬಂದ ರಾಜ’ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಸಾಲಿನವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ಎಲ್ಲರಿಗೂ ಕಳಿಸುವ ಎರಡು ಸಾಲಿನ ಉತ್ತರ ನಿಮಗೆ ಕಳಿಸಲು ಮನಸ್ಸಾಗಲಿಲ್ಲ. ನಿಮ್ಮ 7ನೇ ಪುಟದಲ್ಲಿ ಒಂದು ವಾಕ್ಯ ಇದೆ. ಅದಕ್ಕಾಗಿ ಈ ಪತ್ರ. ನೀವು ಒಪ್ಪಿದ್ದೀರಿ, ಹಾಗಾಗಿ ಹೆಸರು ಬಿಟ್ಟು ಸಲಹೆಯ ಪುಟದಲ್ಲೇ ಅಚ್ಚು ಹಾಕುತ್ತಿದ್ದೇನೆ. ಇಂಥದ್ದನ್ನೇ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಉಳಿದ ಓದುಗರಿಗೆ ಪ್ರಬಂಧದ ಸಾರ ಇಷ್ಟು. ಧಾರವಾಡದ ಒಂದು ಮನೆ. ಅಲ್ಲಿ 12 ವರ್ಷ ಬಾಳಿದ ರಾಜ ಎಂಬ ಮುಧೋಳ ನಾಯಿ. ಕಿಡ್ನಿ ಕೆಟ್ಟು, ಶ್ರಾವಣದಲ್ಲಿ ರಾಜ ತೀರಿಕೊಂಡ. 19ನೇ ದಿನ ಲೇಖಕಿ ಮುಧೋಳದ ಕಡೆ ಹೋಗಿ, ಊರೂರು ತಿರುಗಿ, ಅದೇ ಜಿಂಕೆ ಬಣ್ಣದ, ಎದೆಯ ಮೇಲೆ ಅಂಥದ್ದೇ ಬಿಳಿ ಮಚ್ಚೆ ಇರುವ ಗಂಡು ಮರಿ ತಂದರು. ಅದಕ್ಕೂ ರಾಜ ಎಂದೇ ಹೆಸರಿಟ್ಟರು. ಈಗ ಅದಕ್ಕೆ 11 ತಿಂಗಳು. ಹೋದವನೇ ತಿರುಗಿ ಬಂದಿದ್ದಾನೆ ಎಂಬುದು ಪ್ರಬಂಧದ ವಾದ.

ಮೊದಲು ಸಣ್ಣಪುಟ್ಟ ವಿಷಯ ಮುಗಿಸೋಣ. ಧರ್ಮರಾಯನನ್ನು ಬಿಡಿ. ನಮಗೆ ಬರುವ ನಾಯಿ ಲೇಖನಗಳಲ್ಲಿ ಮುಕ್ಕಾಲುಪಾಲು ಧರ್ಮರಾಯ ನಾಯಿಯ ಜೊತೆ ಸ್ವರ್ಗಕ್ಕೆ ಹತ್ತುತ್ತಿರುತ್ತಾನೆ. ಪಾಪ, ಅವನಿಗೂ ಸುಸ್ತಾಗಿರಬೇಕು. ‘ಮಳೆಬಿಲ್ಲಿನ ಸೇತುವೆ’ಯನ್ನೂ ತೆಗೆಯಿರಿ. ಸತ್ತ ಸಾಕುಪ್ರಾಣಿಗಳು ನಮಗಾಗಿ ಕಾಯುವ ಜಾಗ ಎಂಬ ಆ ಕಲ್ಪನೆ ಇಂಗ್ಲಿಷಿನಿಂದ ಬಂದದ್ದು. ನೀವು ರಾಜನನ್ನು ಹೂತದ್ದು ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ. ಆಮೇಲೆ ಅವ್ವ ಒಂದು ತಿಂಗಳು ಒಗ್ಗರಣೆಗೆ ಆ ಗಿಡದ ಎಲೆ ಕೀಳಲಿಲ್ಲ ಎಂದು ಬರೆದಿದ್ದೀರಿ. ಅಷ್ಟು ಬರೆದ ಮೇಲೆ ಸೇತುವೆ ಯಾಕೆ?

3 ಮತ್ತು 4ನೇ ಪುಟ ಪೂರ್ತಿ ಇತಿಹಾಸ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿದ್ದು, 5ನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕೊಟ್ಟದ್ದು, 2005ರ ಅಂಚೆಚೀಟಿ, ಮೀರತ್‌ನಲ್ಲಿ ಸೇನೆಯ ತರಬೇತಿ, 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೆಸರು ಹೇಳಿದ್ದು. ಎಲ್ಲ ಸರಿ. ಆದರೆ ನಿಮ್ಮ ರಾಜ ಅಂಚೆಚೀಟಿಯ ಮೇಲೆ ಇರಲಿಲ್ಲ, ನಿಮ್ಮ ಪಡಸಾಲೆಯಲ್ಲಿದ್ದ. ಸಾವಿನ ಹತ್ತಿರ ಹೋಗಲು ಭಯವಾದಾಗ ನಾವೆಲ್ಲ ಇತಿಹಾಸ ಬರೆಯುತ್ತೇವೆ. ನಾನೂ ಬರೆದಿದ್ದೇನೆ.

ಒಂದು ತಪ್ಪು ಮಾಹಿತಿಯೂ ಇದೆ. ‘ವಾಸನೆ ಹಿಡಿದು ಬೇಟೆಯಾಡುವ ನಾಯಿ’ ಎಂದಿದ್ದೀರಿ. ಮುಧೋಳ ನಾಯಿ ಕಣ್ಣಿನ ಬೇಟೆಗಾರ. ಬಯಲಿನಲ್ಲಿ ದೂರದ ಮೊಲ ಅಲುಗಿದರೆ ಸಾಕು, ಅದು ಮೊದಲು ನೋಡುತ್ತದೆ, ಆಮೇಲೆ ಓಡುತ್ತದೆ. ಇನ್ನು ಡಾಕ್ಟರ ಹೆಸರು ಹಾಕಿ ಅವರ ಮೇಲೆ ಒಂದು ಪ್ಯಾರಾ ಸಿಟ್ಟು ತೀರಿಸಿಕೊಂಡಿದ್ದೀರಿ. ಆ ಹೆಸರು ಅಚ್ಚಾಗುವುದಿಲ್ಲ. ಕಿಡ್ನಿ ಸೋತ 12 ವರ್ಷದ ನಾಯಿಯನ್ನು ಯಾರು ಎಷ್ಟು ದಿನ ಉಳಿಸಬಹುದಿತ್ತು ಎಂದು ನೀವೇ ಮುಂದಿನ ಪುಟದಲ್ಲಿ ಕೇಳಿಕೊಂಡಿದ್ದೀರಿ. ಆ ಪ್ರಶ್ನೆ ಇರಲಿ, ಸಿಟ್ಟು ಬೇಡ.

ಈಗ ದೊಡ್ಡ ವಿಷಯ.

9 ಪುಟದ ಪ್ರಬಂಧದಲ್ಲಿ ಎರಡನೇ ನಾಯಿ ಇಲ್ಲ. ಹೆಸರು ಇದೆ, ಬಣ್ಣ ಇದೆ, ಮಚ್ಚೆ ಇದೆ. ನಾಯಿ ಇಲ್ಲ. ‘ಅದೇ ಓಟ, ಅದೇ ನಿದ್ದೆ, ಅದೇ ನೋಟ’ ಎಂದು ಬರೆದು, ಇದೆಲ್ಲ ರಾಜ ತಿರುಗಿ ಬಂದದ್ದಕ್ಕೆ ಸಾಕ್ಷಿ ಎನ್ನುತ್ತೀರಿ. ಒಂದೊಂದಾಗಿ ನೋಡೋಣ. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿ, ನಾಲ್ಕೂ ಕಾಲು ನೆಲ ಬಿಟ್ಟು ಹಾರಿದಂತೆ ಕಾಣುವುದು ಆ ತಳಿಯ ಓಟ. ಗ್ರೇಹೌಂಡ್ ಕೂಡ ಹಾಗೇ ಓಡುತ್ತದೆ. ಬರಿ ನೆಲ ಬಿಟ್ಟು ಮೆತ್ತಗಿನ ಜಾಗ ಹುಡುಕುವುದಕ್ಕೆ ಕಾರಣ, ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ಗಿಡ್ಡ. ಎಲುಬು ಒತ್ತುತ್ತದೆ, ಚಳಿಯೂ ಬೇಗ ಹತ್ತುತ್ತದೆ. ಹೊಸಬರು ಮುಟ್ಟಲು ಬಂದರೆ ಪಕ್ಕಕ್ಕೆ ಸರಿದು ನಿಲ್ಲುವುದೂ ಮುಧೋಳದ ಸ್ವಭಾವವೇ. ಇವೆಲ್ಲ ರಾಜನವಲ್ಲ. ಮುಧೋಳದ ಹೊಲಗಳಲ್ಲಿ ಇವತ್ತು ಓಡಾಡುತ್ತಿರುವ ಯಾವ ನಾಯಿಯನ್ನು ಕರೆತಂದಿದ್ದರೂ ನಿಮಗೆ ಇದೇ ಸಾಕ್ಷಿ ಸಿಗುತ್ತಿತ್ತು.

ರಾಜನದು ಯಾವುದು ಗೊತ್ತಾ? ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಹೋಗುತ್ತಿದ್ದದ್ದು. ಖಡಕ್ ರೊಟ್ಟಿ ಕೊಟ್ಟರೆ ಸುಟ್ಟ ಅಂಚನ್ನು ಮೊದಲು ಮುರಿದು ತಿಂದು, ನಡುವಿನದನ್ನು ಅಪ್ಪನ ಚಪ್ಪಲಿಯಲ್ಲಿ ಇಟ್ಟು ಬರುತ್ತಿದ್ದದ್ದು. ಇವನ್ನು 2ನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಚೆನ್ನಾಗಿ ಬರೆದಿದ್ದೀರಿ. ಯಾವ ತಳಿಯ ಪುಸ್ತಕದಲ್ಲೂ ಇವು ಸಿಗುವುದಿಲ್ಲ. ಒಂದು ಕೆಲಸ ಮಾಡಿ. ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ತಳಿ ಕೊಟ್ಟದ್ದು, ಇನ್ನೊಂದು ಕಡೆ ರಾಜ ತಾನೇ ತಂದದ್ದು ಬರೆಯಿರಿ. ಅದೇ ಜಾತಿಯ ಇನ್ನೊಂದು ನಾಯಿ ತಂದವರಿಗೆಲ್ಲ ಈ ಗೊಂದಲ ಇರುತ್ತದೆ. ಎದುರಿಗೆ ಬಂದು ನಿಲ್ಲುವ ಮೈ ಹಳೆಯದು, ಒಳಗಿರುವವರು ಹೊಸಬರು. ಬೇರೆ ಜಾತಿ ತಂದಿದ್ದರೆ ಈ ಕಷ್ಟ ನಿಮಗೆ ಇರುತ್ತಿರಲಿಲ್ಲ. ಆದರೆ ಬರೆಯಲು ಇಷ್ಟು ಒಳ್ಳೆಯ ವಿಷಯವೂ ಸಿಗುತ್ತಿರಲಿಲ್ಲ!

ಸತ್ತ ನಾಯಿಯ ತದ್ರೂಪಿ (ಕ್ಲೋನ್) ಮಾಡಿಸಿದವರಿಗೇ ಅದೇ ನಾಯಿಯನ್ನು ತಿರುಗಿ ತರಲು ಸಾಧ್ಯವಾಗಿಲ್ಲ. ಲೋಕದ ಮೊದಲ ತದ್ರೂಪಿ ನಾಯಿ ಸ್ನಪ್ಪಿ 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹುಟ್ಟಿತು. ಅದು ಅಫ್ಘನ್ ಹೌಂಡ್, ನಿಮ್ಮ ರಾಜನಂತೆಯೇ ಕಣ್ಣಿನ ಬೇಟೆಗಾರ. ಆಮೇಲೆ ದುಡ್ಡಿದ್ದವರು ಹೋದ ನಾಯಿಯನ್ನು ಹಾಗೇ ಮಾಡಿಸಿಕೊಳ್ಳತೊಡಗಿದರು. ಅಮೆರಿಕದ ಹಾಡುಗಾರ್ತಿ ಬಾರ್ಬ್ರಾ ಸ್ಟ್ರೈಸಂಡ್ ತಮ್ಮ ಸಮಾಂತಾ ಎಂಬ ನಾಯಿಯ ಜೀವಕೋಶದಿಂದ ಮರಿಗಳನ್ನು ಮಾಡಿಸಿಕೊಂಡರು. 2018ರಲ್ಲಿ ಅದನ್ನು ಹೇಳಿಕೊಂಡಾಗ, ಎರಡರ ಸ್ವಭಾವವೂ ಬೇರೆ ಬೇರೆ ಎಂದರು. ಗುರುತಿಗೆ ಒಂದಕ್ಕೆ ಕೆಂಪು, ಒಂದಕ್ಕೆ ನೇರಳೆ ಬಟ್ಟೆ ತೊಡಿಸಿದ್ದರು. ಆ ಬಣ್ಣಗಳೇ ಹೆಸರಾದವು. ಅಷ್ಟು ಖರ್ಚು ಮಾಡಿದವರೂ ಮರಿಗೆ ಸಮಾಂತಾ ಎಂದು ಹೆಸರಿಡಲಿಲ್ಲ ನೋಡಿ.

ಹಳೆಯ ಹೆಸರು ಇಡುವುದೇ ತಪ್ಪು ಅಂತಲ್ಲ. ನಮ್ಮ ಅಜ್ಜನ ಮನೆಯಲ್ಲಿ ಎಲ್ಲ ನಾಯಿಗೂ ಕರಿಯ ಎಂದೇ ಹೆಸರು. ಒಂದು ಸಲ ಬೆಳ್ಳನೆಯ ನಾಯಿ ಬಂತು, ಅದೂ ಕರಿಯನೇ. ಅಲ್ಲಿ ಅದು ಕಣ ಕಾಯುವ ಕೆಲಸದ ಹೆಸರು, ಗೌಡಕಿ ಶಾನುಭೋಗಿಕೆ ಇದ್ದ ಹಾಗೆ. ಯಾರೂ ಹೊಸ ಕರಿಯನ ಮುಖದಲ್ಲಿ ಹಳೆಯವನನ್ನು ಹುಡುಕುತ್ತಿರಲಿಲ್ಲ. ನೀವು ಹುಡುಕುತ್ತಿದ್ದೀರಿ. ಕುಕ್ಕರ್ ಕೂಗಿದಾಗ ಮರಿ ಕಿವಿಯನ್ನೂ ಅಲ್ಲಾಡಿಸದೆ ಮಲಗಿದ್ದನ್ನು ಬರೆದು, ‘ಇನ್ನೂ ನೆನಪು ಬರಬೇಕು’ ಎಂದು ಸೇರಿಸಿದ್ದೀರಿ. ಅದನ್ನು ಓದಿ ನನಗೆ ಕಸಿವಿಸಿಯಾಯಿತು. ಅದಕ್ಕೆ ಹೆದರಿಕೆ ಇಲ್ಲ, ಅಷ್ಟೇ. ಇಲ್ಲದ ಹೆದರಿಕೆಗೆ ಅದು ಯಾಕೆ ಲೆಕ್ಕ ಕೊಡಬೇಕು? ಇನ್ನೊಂದು ಅನ್ಯಾಯವೂ ಇದೆ. ನಿಮ್ಮ ನೆನಪಿನಲ್ಲಿರುವ ರಾಜ 12 ವರ್ಷ ನಿಮ್ಮ ಜೊತೆ ಪಳಗಿದವನು. 11 ತಿಂಗಳ ರಾಜ ಎಂಥವನಾಗಿದ್ದ? ಸೋಫಾ ಹರಿದದ್ದು, ಪಕ್ಕದ ಮನೆಯ ಕೋಳಿ ಹಿಡಿದದ್ದು ನೀವೇ ಹೇಳಿದ ಕಥೆ.

7ನೇ ಪುಟಕ್ಕೆ ಬರುತ್ತೇನೆ. ರಾಜನ ಕೌದಿಯನ್ನು ದಿನಾ ರಾತ್ರಿ ಪಡಸಾಲೆಯ ಅದೇ ಮೂಲೆಯಲ್ಲಿ ಹಾಸುತ್ತೀರಿ. ‘ಬೆಳಗ್ಗೆ ನೋಡಿದರೆ ಅದು ಕೌದಿಯನ್ನು ಬಾಯಲ್ಲಿ ಎಳೆದುಕೊಂಡು ಹೋಗಿ ಹಿತ್ತಲ ಬಾಗಿಲ ಹತ್ತಿರ ಮಲಗಿರುತ್ತದೆ, ನಾನು ಮತ್ತೆ ತಂದು ಹಾಸುತ್ತೇನೆ.’ ಇದೇ ಆ ವಾಕ್ಯ. ನನ್ನ ಲೆಕ್ಕದಲ್ಲಿ ನಿಮ್ಮ ಪ್ರಬಂಧ ಇಷ್ಟೇ, ಉಳಿದದ್ದು ಅದರ ಸುತ್ತ ಸುತ್ತಾಟ. ಎಷ್ಟು ದಿನ ಹಾಗೆ ಹಾಸಿದಿರಿ? ಎಂದಾದರೂ ಬಿಟ್ಟಿರಾ? ಹಿತ್ತಲ ಬಾಗಿಲ ಹತ್ತಿರ ಏನಿದೆ, ಮರಿ ಅಲ್ಲಿಂದ ಏನು ನೋಡುತ್ತದೆ? ಮರುಸಾಲಿನಲ್ಲೇ ನೀವು ಜನ್ಮಾಂತರದ ಕಡೆ ಹಾರಿಬಿಟ್ಟಿದ್ದೀರಿ.

ಮತ್ತೊಂದು ವಿಷಯ. ಇದು ನಿಮಗೆ ಗೊತ್ತಾಗಿದೆಯೋ ಇಲ್ಲವೋ. ಪ್ರಬಂಧದ ಉದ್ದಕ್ಕೂ ಮೊದಲ ರಾಜ ‘ಅವನು’. ಎರಡನೆಯದು ‘ಅದು’. ಮೇಲಿನ ವಾಕ್ಯವನ್ನೇ ನೋಡಿ. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ, ಒಂದೇ ಒಂದು ಕಡೆಯೂ ತಪ್ಪಿಲ್ಲ. ಅವನೇ ತಿರುಗಿ ಬಂದ ಎಂದು ನೀವು ವಾದ ಮಾಡುತ್ತಿದ್ದರೆ, ನಿಮ್ಮ ಕನ್ನಡ ಇಲ್ಲ ಎನ್ನುತ್ತಲೇ ಇದೆ. ನಿಮ್ಮ ಅವ್ವ ಇದನ್ನು ಎಂದೋ ಕಂಡುಕೊಂಡಿದ್ದಾರೆ. ‘ಇದು ಅವ ಅಲ್ಲ ತಂಗೀ, ಇದರ ಜೀವಾ ಯಾಕ ತಿಂತಿ?’ ಎಂದು ಅವರು ಕೇಳಿದ್ದನ್ನು ‘ಅವ್ವನಿಗೆ ಅರ್ಥವಾಗುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಅವರ ಮಾತಿಗೆ ಉತ್ತರ ಕೊಡಿ. ಕೊಡಲು ಆಗದಿದ್ದರೆ, ಆಗಲಿಲ್ಲ ಎಂದು ಬರೆಯಿರಿ.

ಬೇಗ ತಂದದ್ದಕ್ಕೆ ಒಂದು ಪುಟ ಕ್ಷಮೆ ಕೇಳಿದ್ದೀರಿ. ಬೇಡ. ‘ಇಷ್ಟು ಲಗೂನ ತಂದ್ರಿ?’ ಎಂದ ಪಕ್ಕದ ಮನೆಯವರಿಗೆ ಉತ್ತರ ಹೇಳುವ ಜಾಗ ಇದಲ್ಲ. 19 ದಿನಕ್ಕೂ ತರಬಹುದು, 19 ವರ್ಷ ಬಿಟ್ಟೂ ತರಬಹುದು. ಆ ದಿನಗಳಲ್ಲಿ ಮನೆ ಹೇಗಿತ್ತು ಎಂದು ಬರೆಯಿರಿ, ಜನ ತಾವೇ ತಿಳಿದುಕೊಳ್ಳುತ್ತಾರೆ.

ಅಳುವನ್ನು ಎಷ್ಟು ಬರೆಯಬೇಕು ಎಂಬ ಅನುಮಾನ ಬಂದರೆ, ಬೆಂಗಳೂರಿಗೆ ಬಂದಾಗ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ನೋಡಿ. ಮಂಡ್ಯ ಜಿಲ್ಲೆಯದು, 10ನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಅರಸ ಬೂತುಗ, ಏನು ಬೇಕೋ ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಗುಲಲಿ ಎಂದೂ ಕೊರೆಸಿದರು. ಎಲ್ಲೂ ‘ಅಗಾಧ ನೋವು’ ಇಲ್ಲ. ಕಣ್ಣೀರಿನ ಒಂದು ಹನಿಯೂ ಇಲ್ಲ. ಆದರೂ ಆ ಪೂಜಾರಿಯ ಊಟದ ಸಾಲು ಓದಿದಾಗ, ಈ ಮನುಷ್ಯನಿಗೆ ನಾಯಿ ಏನಾಗಿತ್ತು ಎಂದು ತಿಳಿದುಬಿಡುತ್ತದೆ. ನಿಮ್ಮ ಅವ್ವ ಕೀಳದೆ ಬಿಟ್ಟ ಕರಿಬೇವೂ ಅಂಥದ್ದೇ.

9 ಪುಟ 5 ಆಗಲಿ. ಅವಸರವಿಲ್ಲ, ದೀಪಾವಳಿ ಕಳೆದ ಮೇಲೆ ಕಳಿಸಿದರೂ ನಡೆಯುತ್ತದೆ. ಶೀರ್ಷಿಕೆ ಏನಿಡಬೇಕು ಎಂದು ಈಗಲೇ ಯೋಚಿಸಬೇಡಿ.

ಜೊತೆಗೆ ಎರಡು ಫೋಟೊ ಇಟ್ಟಿದ್ದೀರಿ. ಎರಡರಲ್ಲೂ ಜಿಂಕೆ ಬಣ್ಣ, ಬಿಳಿ ಮಚ್ಚೆ, ಅದೇ ಗೇಟು. ಒಂದು ರಾಜನ ಎಳೆಯ ವಯಸ್ಸಿನದು ಇರಬೇಕು. ಹಿಂದೆ ತಿರುಗಿಸಿ ನೋಡಿದರೆ ಎರಡರ ಮೇಲೂ ‘ರಾಜ’ ಎಂದೇ ಬರೆದಿದೆ. ನಮ್ಮ ಪುಟವಿನ್ಯಾಸದ ಹುಡುಗ ಯಾವುದು ಯಾರದು ಎಂದು ಕೇಳುತ್ತಿದ್ದಾನೆ. ನನಗೂ ಗೊತ್ತಾಗಲಿಲ್ಲ. ಫೋಟೊ ವಾಪಸ್ ಕಳಿಸುತ್ತಿದ್ದೇನೆ, ಹಿಂದೆ ಗುರುತು ಬರೆದು ಕೊಡಿ.