ರಿಸೀವರ್‌ಗೆ ಹೊಸ ಅಪ್‌ಡೇಟ್: ಹಾಕಿ, ಆದರೆ ಇವತ್ತೇ ಬೇಡ

ಅಪ್‌ಡೇಟ್ ಆದ ಮೇಲೆ ಟಿವಿಯ ಶಬ್ದ ಹೋಮ್ ಥಿಯೇಟರ್ ರಿಸೀವರ್‌ಗೆ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆಗೆ) ಬರ್ತಿಲ್ಲ, ಈಗ ಇನ್ನೊಂದು ಅಪ್‌ಡೇಟ್ ಬಂದಿದೆ, ಹಾಕಲಾ ಅಂತ ಕೇಳಿದ್ದೀರಿ.

ಮೊದಲು ಎರಡರ ಪ್ಲಗ್ಗೂ ಕಿತ್ತು ಹತ್ತು ನಿಮಿಷ ಬಿಡಿ. ಎಚ್‌ಡಿಎಂಐ ಕೇಬಲ್ ತೆಗೆದು ಮತ್ತೆ ಹಾಕಿ. ಆಮೇಲೆ ಎರಡರ ಮೆನುವಿನಲ್ಲೂ ಎಆರ್‌ಸಿ (ಎಚ್‌ಡಿಎಂಐ ಕೇಬಲ್‌ನಲ್ಲೇ ಟಿವಿಯ ಶಬ್ದವನ್ನು ರಿಸೀವರ್‌ಗೆ ಕಳಿಸುವ ಸೌಲಭ್ಯ) ಆನ್ ಇದೆಯಾ ನೋಡಿ. ಅಪ್‌ಡೇಟ್ ಆದಾಗ ಅದು ಆಫ್ ಆಗಿಬಿಡುವುದುಂಟು. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹೋಗದಿದ್ದರೆ ಹೊಸದನ್ನು ಹಾಕಿ, ಆದರೆ ಯುಪಿಎಸ್ ಇಲ್ಲದೆ ಖಂಡಿತ ಬೇಡ. ನಮ್ಮ ಚಿಕ್ಕಮಗಳೂರಿನ ಮಳೆಗಾಲದ ಕರೆಂಟ್ ನಿಮಗೂ ಗೊತ್ತಲ್ವಾ? ಜುಲೈನಲ್ಲಿ ನನ್ನ ರಿಸೀವರ್ 62 ಪರ್ಸೆಂಟ್ ತೋರಿಸುತ್ತಿದ್ದಾಗ ಕರೆಂಟ್ ಹೋಯ್ತು. ಬಂದ ಮೇಲೆ ಕೆಂಪು ದೀಪ ಮಿಣುಕಿತೇ ಹೊರತು ಬೇರೇನೂ ಇಲ್ಲ. ಹಳೇ ಫರ್ಮ್‌ವೇರ್ (ರಿಸೀವರ್ ಒಳಗಿನ ಸಾಫ್ಟ್‌ವೇರ್) ಅಳಿಸಿ, ಹೊಸದು ಚಿಪ್‌ಗೆ ಅರ್ಧ ಬರೆದಿತ್ತು. ಬೋರ್ಡ್ ಬೆಂಗಳೂರಿಗೆ ಹೋಗಿ ಬರಲು ಐದು ವಾರ ಹಿಡಿಯಿತು. ಲಕ್ಷ ಕೊಟ್ಟು ತಂದ ಸಾಮಾನು, ಹೊಟ್ಟೆ ಉರಿಯಿತು.

ವೈಫೈಗಿಂತ ಲ್ಯಾನ್ ಕೇಬಲ್ ವಾಸಿ. ನಿಮ್ಮ ಮಾಡೆಲ್‌ನಲ್ಲಿ ಪೆನ್‌ಡ್ರೈವ್‌ನಿಂದ ಹಾಕಲು ಬಂದರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿ ಇರಬೇಕಾಗುತ್ತದೆ. ಸ್ಪೀಕರ್ ಸೆಟ್ಟಿಂಗ್ ಪುಟಗಳನ್ನೆಲ್ಲ ಮೊದಲೇ ಫೋಟೋ ತೆಗೆದಿಡಿ. ಮುಗಿದ ಮೇಲೆ ಆಟೋ ಅಪ್‌ಡೇಟ್ ಆಫ್ ಮಾಡಿ. ಹಳೇ ವರ್ಷನ್‌ಗೆ ವಾಪಸ್ ಹೋಗಲು ಹೆಚ್ಚಿನ ಕಂಪನಿಗಳು ಬಿಡುವುದಿಲ್ಲ.