ಕಾಸಿಲ್ಲದ ಕೈ, ಬೀಗವಿಲ್ಲದ ಬಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಪುಸ್ತಕಗಳ ಸುತ್ತ ಇವೆ. ಅಮೆರಿಕದ ಖಾಸಗಿ ಪತ್ತೇದಾರ, ಬಾಡಿಗೆ ಆಫೀಸು, ಮಾತು ಮಾತಿಗೂ ಚಟಾಕಿ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ರೇಮಂಡ್ ಚಾಂಡ್ಲರ್ ಕಾದಂಬರಿಗಳನ್ನು ಮೂರು ನಾಲ್ಕು ಸಲ ಓದಿದ್ದೇನೆ. ಪುಸ್ತಕ ಮುಚ್ಚಿ ಒಂದು ವಾರವಾದರೆ ಕೊಲೆ ಮಾಡಿದ್ದು ಯಾರೆಂಬುದೇ ನೆನಪಿರುವುದಿಲ್ಲ. ಆದರೂ ಮತ್ತೆ ಓದುತ್ತೇನೆ. ಇದು ನನ್ನ ಮರೆವೋ, ಪುಸ್ತಕದ ದೋಷವೋ?

ಉತ್ತರ: ನಿಮ್ಮ ಮರೆವಂತೂ ಅಲ್ಲ. 1939ರ 'ದಿ ಬಿಗ್ ಸ್ಲೀಪ್' ಚಾಂಡ್ಲರ್ ಅವರ ಮೊದಲ ಕಾದಂಬರಿ. ಅದನ್ನು ಅವರು ಮುಖ್ಯವಾಗಿ ತಮ್ಮವೇ ಎರಡು ಹಳೆಯ ಪತ್ರಿಕೆ ಕಥೆಗಳನ್ನು ಬಿಚ್ಚಿ, ಸೇರಿಸಿ ಹೊಲಿದು ಮಾಡಿದರು. ಒಂದು 1935ರದ್ದು, ಇನ್ನೊಂದು 1936ರದ್ದು. ಹೊಲಿಗೆ ಅಲ್ಲಲ್ಲಿ ಬಿಟ್ಟುಕೊಂಡಿದೆ. ಕಾರಿನ ಸಮೇತ ಸಮುದ್ರಕ್ಕೆ ಬಿದ್ದು ಸತ್ತ ಡ್ರೈವರನನ್ನು ಕೊಂದವರು ಯಾರು ಎಂಬುದನ್ನು ಪುಸ್ತಕ ಖಚಿತವಾಗಿ ಹೇಳುವುದೇ ಇಲ್ಲ. ಸಿನಿಮಾ ಮಾಡುತ್ತಿದ್ದವರು ವಿಚಾರಿಸಿದಾಗ ಲೇಖಕರಿಗೂ ಗೊತ್ತಿರಲಿಲ್ಲವಂತೆ. ಈ ಕಥೆ ಬಹಳ ಪ್ರಸಿದ್ಧ.

ಅವರ ಶ್ರಮವೆಲ್ಲ ಹೋಗಿದ್ದು ಬೇರೆ ಕಡೆಗೆ. ಹಳದಿ ಕಾಗದದ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಟೈಪ್‌ರೈಟರಿಗೆ ಏರಿಸುತ್ತಿದ್ದರು. ಒಂದು ತುಂಡಿಗೆ ಹೆಚ್ಚೆಂದರೆ 12ರಿಂದ 15 ಸಾಲು. ಆ ಪ್ರತಿ ತುಂಡಿನಲ್ಲೂ ಏನಾದರೊಂದು ಮಿಂಚಬೇಕು ಎಂಬುದು ಅವರು ಹಾಕಿಕೊಂಡ ಕಟ್ಟಳೆ. ತುಂಡು ಚಿಕ್ಕದಾದ್ದರಿಂದ ಕೆಟ್ಟರೆ ಹರಿದು ಹಾಕಿ ಹೊಸದಾಗಿ ಬರೆಯಲು ಮನಸ್ಸು ಹಿಂಜರಿಯುವುದಿಲ್ಲ. ನೀವು ಮತ್ತೆ ಮತ್ತೆ ಹೋಗುತ್ತಿರುವುದು ಆ ಹನ್ನೆರಡು ಸಾಲುಗಳಿಗಾಗಿ, ಕೊಲೆಗಾರನಿಗಾಗಿ ಅಲ್ಲ.

ಇನ್ನೊಂದು ಕಾರಣವೂ ಇದೆ. ಮುಂದಿನ ಸಲ ಓದುವಾಗ ಗಮನಿಸಿ: ಪತ್ತೇದಾರನ ಕೊಂಕುಗಳಲ್ಲಿ ಬಹುಪಾಲು ಅವನು ಯಾರಿಗೂ ಹೇಳುವುದೇ ಇಲ್ಲ. ಎದುರಿಗಿದ್ದವರ ಟೈ, ಮನೆಯ ಪರದೆ, ಬಾಗಿಲು ತೆರೆದವಳ ನಗು, ಎಲ್ಲದರ ಬಗ್ಗೆಯೂ ಅವನು ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ. ಕೇಳಿಸುವುದು ಓದುಗನಿಗೆ ಮಾತ್ರ. 'ನಾನು' ಎಂದು ಹೇಳುವ ನಿರೂಪಣೆಯ ಗುಟ್ಟು ಇದು. ನೀವು ಅವನ ಪಕ್ಕದಲ್ಲಿ ಕುಳಿತ ಗೆಳೆಯನಾಗುತ್ತೀರಿ. ಗೆಳೆಯನ ಜೊತೆ ಹೊತ್ತು ಕಳೆಯಲು ಕಥೆ ಗೊತ್ತಿರದಿದ್ದರೂ ನಡೆಯುತ್ತದೆ, ಗೊತ್ತಿದ್ದರೂ ನಡೆಯುತ್ತದೆ.

ಪ್ರಶ್ನೆ: ಈ ಮಾತಿನ ಶೈಲಿ ಎಲ್ಲಿಂದ ಬಂತು? ಚಾಂಡ್ಲರ್ ಕಂಡುಹಿಡಿದದ್ದೇ?

ಉತ್ತರ: ಅಲ್ಲ. 1920ರಲ್ಲಿ ಶುರುವಾದ 'ಬ್ಲ್ಯಾಕ್ ಮಾಸ್ಕ್' ಎಂಬ ಅಗ್ಗದ ಕಾಗದದ ಪತ್ರಿಕೆ ಇದರ ತವರು. ಒರಟು ಮಾತಿನ ಖಾಸಗಿ ಪತ್ತೇದಾರನನ್ನು 1923ರಲ್ಲಿ ಅಲ್ಲಿಗೆ ಮೊದಲು ತಂದವರು ಕ್ಯಾರಲ್ ಜಾನ್ ಡಾಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡ್ಯಾಶಿಯಲ್ ಹ್ಯಾಮೆಟ್ ತಮ್ಮ ಹೆಸರಿಲ್ಲದ ಪತ್ತೇದಾರನೊಂದಿಗೆ ಬಂದರು. ಡಾಲಿಯ ನಾಯಕ ಬಡಾಯಿ ಕೊಚ್ಚುತ್ತಾನೆ. ಹ್ಯಾಮೆಟ್ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ಅವರ ನಾಯಕ ವರದಿ ಒಪ್ಪಿಸುವವನ ಹಾಗೆ ಮಾತಾಡುತ್ತಾನೆ, ನಗು ಆ ಒಣ ದನಿಯಲ್ಲೇ ಅಡಗಿರುತ್ತದೆ.

ಚಾಂಡ್ಲರ್ ಬಂದಿದ್ದು ಹತ್ತು ವರ್ಷ ತಡವಾಗಿ. 1932ರಲ್ಲಿ ತೈಲ ಕಂಪನಿಯ ದೊಡ್ಡ ಹುದ್ದೆ ಹೋಯಿತು, ವಯಸ್ಸು 44. ಮೊದಲ ಕಥೆಗೆ ಐದು ತಿಂಗಳು ತೆಗೆದುಕೊಂಡರು. 1933ರ ಡಿಸೆಂಬರ್‌ನಲ್ಲಿ ಅಚ್ಚಾದಾಗ ಸಿಕ್ಕಿದ್ದು 180 ಡಾಲರ್, ಅಂದರೆ ಪದಕ್ಕೊಂದು ಸೆಂಟ್. ಹುಟ್ಟಿದ್ದು ಶಿಕಾಗೋದಲ್ಲಾದರೂ ಓದಿದ್ದು ಇಂಗ್ಲೆಂಡಿನ ಡಲ್ವಿಚ್ ಕಾಲೇಜಿನಲ್ಲಿ, ಅದೂ ಗ್ರೀಕ್, ಲ್ಯಾಟಿನ್. ಅಮೆರಿಕದ ಬೀದಿಮಾತನ್ನು ಪರಭಾಷೆಯಂತೆ ಕಿವಿಗೊಟ್ಟು ಕಲಿತರು. ಕಲಿತ ಭಾಷೆಯಾದ್ದರಿಂದಲೇ ಅದರ ತಮಾಷೆ ಅವರಿಗೆ ಅಷ್ಟು ಚೆನ್ನಾಗಿ ಕೇಳಿಸಿತು ಎನ್ನಬೇಕು. (ಅವರು ಆ ಶಾಲೆಗೆ ಸೇರಿದ 1900ರಲ್ಲೇ ಅಲ್ಲಿಂದ ಓದು ಮುಗಿಸಿ ಹೊರಬಿದ್ದವರು ಪಿ.ಜಿ. ವುಡ್‌ಹೌಸ್. ಇಂಗ್ಲಿಷಿನಲ್ಲಿ ಉಪಮೆ ಕಟ್ಟಿ ನಗಿಸಿದ ಇಬ್ಬರು ನಿಸ್ಸೀಮರು ಒಂದೇ ಗೇಟಿನಲ್ಲಿ ಹಾದುಹೋದವರು!)

ಪ್ರಶ್ನೆ: ಎದುರಿಗೆ ಪಿಸ್ತೂಲು ಹಿಡಿದು ನಿಂತಿದ್ದಾರೆ, ಇವನು ಜೋಕ್ ಹೊಡೆಯುತ್ತಾನೆ. ನಂಬುವ ಮಾತೇ?

ಉತ್ತರ: ಪಿಸ್ತೂಲು ಇರುವುದಕ್ಕೇ ಜೋಕ್. ಅವನ ಸ್ಥಿತಿ ನೋಡಿ. ಪೊಲೀಸ್ ಬಿಲ್ಲೆ ಇಲ್ಲ, ಹಿಂದೆ ಜನರಿಲ್ಲ. ಚಾಂಡ್ಲರ್ ಸೃಷ್ಟಿಸಿದ ಮಾರ್ಲೋ ಮೊದಲ ಕಾದಂಬರಿಯಲ್ಲಿ ಕೇಳುವ ದರ ದಿನಕ್ಕೆ 25 ಡಾಲರ್, ಮೇಲೆ ಖರ್ಚು. ಮಾತಾಡಬೇಕಾಗಿರುವುದು ತೈಲದ ಕೋಟ್ಯಧಿಪತಿಗಳ ಜೊತೆ, ಜೂಜುಕೋರರ ಜೊತೆ, ಅನುಮಾನದಿಂದ ನೋಡುವ ಪೊಲೀಸರ ಜೊತೆ. ಅವನ ಪಾಲಿಗಿರುವುದು ನಾಲಿಗೆಯೊಂದೇ. ಹಿಂದಿನ ಸರ್ಕಾರಿ ಕೆಲಸ ಕಳೆದುಕೊಂಡದ್ದೂ ಮೇಲಿನವರಿಗೆ ಎದುರಾಡಿದ್ದಕ್ಕೆ.

ಈ ಚಟಾಕಿಗಳು ಯಾವ ದಿಕ್ಕಿಗೆ ಹಾರುತ್ತವೆ ನೋಡಿ. ಒಳ್ಳೆಯ ಲೇಖಕರಲ್ಲಿ ಅವು ಮೇಲಕ್ಕೆ ಹೋಗುತ್ತವೆ, ಬಲ ಇರುವವರ ಕಡೆಗೆ. ಹೋಟೆಲಿನ ಮಾಣಿಯ ಮೇಲೆ, ಲಿಫ್ಟ್ ನಡೆಸುವ ಮುದುಕನ ಮೇಲೆ ಅದೇ ನಾಲಿಗೆ ಹರಿಬಿಟ್ಟರೆ ನಾಯಕ ಆ ಕ್ಷಣದಲ್ಲೇ ಪುಂಡನಾಗುತ್ತಾನೆ. ಇನ್ನೊಂದು, ಮಾತಿಗೆ ಬೆಲೆ ತೆರಬೇಕು. ಕೊಂಕಿನ ಹಿಂದೆಯೇ ಹೊಟ್ಟೆಗೆ ಗುದ್ದು ಬೀಳುತ್ತದೆ, ಇಲ್ಲವೇ ರಾತ್ರಿಯೆಲ್ಲ ಪೊಲೀಸ್ ಠಾಣೆಯ ಕುರ್ಚಿ. ಹೊಡೆತ ಬೀಳುವುದು ಗೊತ್ತಿದ್ದೂ ಬಾಯಿ ಮುಚ್ಚಲಾರ ಎನ್ನುವುದರಲ್ಲಿ ಧೈರ್ಯವೂ ಇದೆ, ಪೆದ್ದುತನವೂ ಇದೆ. ಹೊಡೆತವೇ ಬೀಳದ ನಾಯಕನ ಜೋಕು ಐವತ್ತನೇ ಪುಟಕ್ಕೆ ಹಳಸುತ್ತದೆ.

ಪ್ರಶ್ನೆ: ಇಂಥದ್ದೊಂದು ಕಾದಂಬರಿ ಬರೆಯುತ್ತಿದ್ದೇನೆ. ಓದಿದ ಗೆಳೆಯರು 'ನಿನ್ನ ನಾಯಕ ಕಿರಿಕಿರಿ' ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ಕಳಿಸಿದ ಸಂಭಾಷಣೆಯಲ್ಲೇ ನೋಡೋಣ. ಸಿರಿವಂತನ ಬಂಗಲೆ, ಗೇಟಿನಲ್ಲಿ ಕಾವಲುಗಾರ.

"ಸಾಹೇಬ್ರು ಮನೇಲಿಲ್ಲ."
"ನಾನು ಯಾರು ಗೊತ್ತಾ? ಬೀಗ ಹಾಕಿರೋ ಬಾಗಿಲಿಗೆ ನಾನೇ ಬೀಗದ ಕೈ!" ಎಂದು ಅವನು ವ್ಯಂಗ್ಯವಾಗಿ ನಕ್ಕನು.

ಇದರಲ್ಲಿ ಮೂರು ತಪ್ಪುಗಳಿವೆ. ಅವನು ತನ್ನನ್ನೇ ಹೊಗಳಿಕೊಂಡ. ಕಾವಲುಗಾರ ಏನಂದ ಎಂಬುದಕ್ಕೂ ಈ ಉತ್ತರಕ್ಕೂ ಸಂಬಂಧವಿಲ್ಲ, ಯಾವ ಗೇಟಿನಲ್ಲಿ ನಿಂತು ಬೇಕಾದರೂ ಹೇಳಬಹುದಾದ ಮಾತು. ಕೊನೆಗೆ 'ವ್ಯಂಗ್ಯವಾಗಿ ನಕ್ಕನು' ಎಂದು ನೀವೇ ಷರಾ ಬರೆದಿರಿ. ಹೀಗೆ ಮಾಡಿ ನೋಡಿ:

"ಸಾಹೇಬ್ರು ಮನೇಲಿಲ್ಲ."
"ಪರವಾಗಿಲ್ಲ. ಈಗ ಮೇಲೆ ಕಿಟಕಿ ಪರದೆ ಎಳೆದ್ರಲ್ಲ, ಅವರ ಹತ್ರಾನೇ ಮಾತಾಡ್ತೀನಿ."

ಇಲ್ಲಿ ನಗು ಬಂದದ್ದು ಅವನು ಪರದೆಯನ್ನು ಗಮನಿಸಿದ್ದರಿಂದ. ಅಂದರೆ ಚಟಾಕಿಯೊಳಗೇ ಪತ್ತೇದಾರಿಕೆ ಇದೆ. ಕಾವಲುಗಾರನ ಸುಳ್ಳು ಬಯಲಾಯಿತು, ಆದರೆ ಅವನಿಗೆ ಅವಮಾನವಾಗಲಿಲ್ಲ. ಗೇಟು ತೆರೆಯಬೇಕೋ ಬೇಡವೋ ಎಂಬ ಇಕ್ಕಟ್ಟು ಹುಟ್ಟಿತು, ಕಥೆ ಒಂದು ಹೆಜ್ಜೆ ಮುಂದೆ ಹೋಯಿತು.

ತಿದ್ದುವ ಕ್ರಮ ಹೀಗಿರಲಿ. ಮೊದಲು ದೃಶ್ಯವನ್ನು ಒಂದೂ ಜೋಕಿಲ್ಲದೆ ಬರೆಯಿರಿ: ಯಾರಿಗೆ ಏನು ಬೇಕು, ಯಾರು ಏನು ಮುಚ್ಚಿಡುತ್ತಿದ್ದಾರೆ. ಆಮೇಲೆ ನಾಯಕನಿಗೆ ಎದುರಾಳಿ ಹೆಚ್ಚು ಇಕ್ಕಟ್ಟು ತರುವ ಜಾಗ ಹುಡುಕಿ, ಚಟಾಕಿ ಅಲ್ಲಿಗೆ. ದೃಶ್ಯಕ್ಕೆ ಎರಡು ಸಾಕು. ಮೂರನೆಯದು ಬಂದರೆ ಮೊದಲಿನ ಎರಡನ್ನೂ ತಿಂದುಹಾಕುತ್ತದೆ. 'ಅಂದ', 'ಅಂದೆ' ಬಿಟ್ಟು ಬೇರೆ ಕ್ರಿಯಾಪದ ಬೇಡ, ಆಶ್ಚರ್ಯಸೂಚಕ ಚಿಹ್ನೆಯನ್ನು ಪೂರ್ತಿ ಕಿತ್ತುಹಾಕಿ. ಮುಖ್ಯವಾಗಿ, ಜೋಕಿಗೆ ಪುಸ್ತಕದೊಳಗಿನ ಯಾರೂ ನಗಬಾರದು. ಅವರು ನಕ್ಕರೆ ಓದುಗ ನಗುವುದಿಲ್ಲ.

ಉಪಮೆಗಳಿಗೂ ಇದೇ ಲೆಕ್ಕ. 'ಸೋಫಾ ಹತ್ತಿಯಂತೆ ಮೆತ್ತಗಿತ್ತು' ಎಂದರೆ ಯಾರಿಗೂ ಏನೂ ಸಿಗಲಿಲ್ಲ. 'ಸೋಫಾ ಎಷ್ಟು ಆಳವಿತ್ತೆಂದರೆ, ಸಾಲ ಕೇಳಲು ಕೂತವನು ಎದ್ದು ನಿಲ್ಲುವಷ್ಟರಲ್ಲಿ ಬಡ್ಡಿ ಬೆಳೆದಿರುತ್ತಿತ್ತು' ಎಂದರೆ ಸೋಫಾದ ಜೊತೆ ಯಜಮಾನನೂ ಕಾಣುತ್ತಾನೆ. ಆದರೆ ಅಂಥದ್ದೊಂದು ಬಂದ ಪುಟದಲ್ಲಿ ಇನ್ನೊಂದು ಬೇಡ.

ಹೆಣ ಕಂಡಾಗ ನಾಯಕ ಏನು ಹೇಳುತ್ತಾನೆ ಎಂಬುದನ್ನೂ ಈಗಲೇ ತೀರ್ಮಾನಿಸಿ. ಅಲ್ಲಿಯವರೆಗೆ ಬಾಯಿ ಮುಚ್ಚದವನು ಅಲ್ಲಿ ಸುಮ್ಮನಾದರೆ ಆ ಮೌನದ ತೂಕವೇ ಬೇರೆ. ಅಲ್ಲೂ ಚಟಾಕಿ ಹಾರಿಸಿದರೆ, ನಿಮ್ಮ ಗೆಳೆಯರು ಹೇಳಿದ್ದು ಸರಿ.

ಪ್ರಶ್ನೆ: ಯಾವುದರಿಂದ ಶುರು ಮಾಡಲಿ?

ಉತ್ತರ: ಒಗಟೂ ಬೇಕು, ಮಾತೂ ಬೇಕು ಎನ್ನುವವರು ರೆಕ್ಸ್ ಸ್ಟೌಟ್ ಹಿಡಿಯಿರಿ. 1934ರಲ್ಲಿ ಆರಂಭವಾದ ಅವರ ಸರಣಿಯಲ್ಲಿ ಕೆಲಸ ಎರಡು ಪಾಲಾಗಿದೆ: ಕೆಲಸಕ್ಕೆಂದು ಮನೆ ಬಿಟ್ಟು ಕದಲಲೊಲ್ಲದ ದಢೂತಿ ನೀರೋ ವುಲ್ಫ್ ತಲೆ ಓಡಿಸುತ್ತಾನೆ, ಆರ್ಚಿ ಗುಡ್‌ವಿನ್ ಊರೆಲ್ಲ ಓಡಾಡಿ ಕಥೆ ಹೇಳುತ್ತಾನೆ. ಆರ್ಚಿಯ ಕೊಂಕು ಹೆಚ್ಚಾಗಿ ಸ್ವಂತ ಯಜಮಾನನಿಗೇ ತಗಲುತ್ತದೆ. ಮಾತೇ ಮುಖ್ಯ ಎನ್ನುವವರಿಗೆ ಚಾಂಡ್ಲರ್‌ರ 1940ರ 'ಫೇರ್‌ವೆಲ್, ಮೈ ಲವ್ಲಿ'. 1953ರ 'ದಿ ಲಾಂಗ್ ಗುಡ್‌ಬೈ' ಕೊನೆಗಿರಲಿ. ಅಲ್ಲಿ ಮಾರ್ಲೋ ದಣಿದಿದ್ದಾನೆ, ಮೊದಲಿನ ಲವಲವಿಕೆ ಕಂಡವರಿಗೇ ಆ ದಣಿವು ತಟ್ಟುವುದು. ಇನ್ನೂ ಈಚಿನದು ಬೇಕೆಂದರೆ 1973ರಿಂದ ಬಂದ ರಾಬರ್ಟ್ ಬಿ. ಪಾರ್ಕರ್ ಅವರ ಸ್ಪೆನ್ಸರ್ ಸರಣಿ. ಸಂಭಾಷಣೆಯೇ ಹೆಚ್ಚು, ಓಟ ಜೋರು. ಒಂದರ ಹಿಂದೊಂದು ಓದಬೇಡಿ, ರುಚಿ ಕೆಡುತ್ತದೆ.

ಪ್ರಶ್ನೆ: ಇದೆಲ್ಲ ಗಂಡಸರ ಲೋಕವೇ?

ಉತ್ತರ: ಬಹುಕಾಲ ಹೌದು. 1977ರಲ್ಲಿ ಮಾರ್ಷಿಯಾ ಮುಲ್ಲರ್, 1982ರಲ್ಲಿ ಸಾರಾ ಪ್ಯಾರೆಟ್‌ಸ್ಕಿ ಮತ್ತು ಸೂ ಗ್ರಾಫ್ಟನ್ ತಮ್ಮ ಪತ್ತೇದಾರಿಣಿಯರನ್ನು ತಂದ ಮೇಲೆ ಬದಲಾಯಿತು. ಚಟಾಕಿಗೆ ಹೊಸ ಕೆಲಸವೂ ಸಿಕ್ಕಿತು: 'ಏನಮ್ಮಾ, ನಿನಗ್ಯಾಕೆ ಈ ಉಸಾಬರಿ' ಎನ್ನುವವರಿಗೆ ಉತ್ತರ ಕೊಡುವುದು. ಪ್ಯಾರೆಟ್‌ಸ್ಕಿಯವರ ಶಿಕಾಗೋ ಪುಸ್ತಕಗಳಲ್ಲಿ ಎದುರಾಳಿ ಎಂದರೆ ಬಹಳ ಸಲ ದೊಡ್ಡ ಕಂಪನಿ ಅಥವಾ ಸಂಸ್ಥೆ, ಹಾಗಾಗಿ ಮೇಲಕ್ಕೆ ಹಾರುವ ಕೊಂಕಿಗೆ ಗುರಿ ಇನ್ನೂ ಎತ್ತರದಲ್ಲಿದೆ.

ಪ್ರಶ್ನೆ: ಅನುವಾದ ಮಾಡಲು ಹೊರಟಿದ್ದೇನೆ. ಇಂಗ್ಲಿಷಿನಲ್ಲಿ ನಗು ತರಿಸುವ ಸಾಲು ಕನ್ನಡಕ್ಕೆ ಬಂದಾಗ ಸಪ್ಪೆ. ಏನು ಮಾಡಲಿ?

ಉತ್ತರ: ಪದಗಳಿಗಿಂತ ಮೊದಲು ಅವುಗಳ ಸರದಿ ನೋಡಿ. ಇಂಗ್ಲಿಷಿನ ಚಟಾಕಿ ಕಚ್ಚುವ ಪದವನ್ನು ವಾಕ್ಯದ ತುದಿಗೆ ಇಡುತ್ತದೆ. ಕನ್ನಡದಲ್ಲಿ ತುದಿಗೆ ಬರುವುದು ಕ್ರಿಯಾಪದ, ಕಚ್ಚಬೇಕಾದ ಪದ ನಡುವೆ ಹೂತುಹೋಗುತ್ತದೆ. 'ಅವನು ಖಾಲಿ ಚೀಲವನ್ನೂ ಖಾಲಿಯಲ್ಲದ ಪಿಸ್ತೂಲನ್ನೂ ಹಿಡಿದುಕೊಂಡು ಬಂದಿದ್ದನು' ಎಂದರೆ ಸರ್ಕಾರಿ ಮಹಜರು. ಒಡೆಯಿರಿ: 'ಚೀಲ ಖಾಲಿಯಿತ್ತು. ಪಿಸ್ತೂಲು ಖಾಲಿಯಿರಲಿಲ್ಲ.' ಅಥವಾ ಮಾತಿನಲ್ಲಿ ನಾವು ಮಾಡುವಂತೆ ಕ್ರಿಯಾಪದವನ್ನು ಮುಂದಕ್ಕೆ ಎಳೆಯಿರಿ: 'ಬಂದ ಪುಣ್ಯಾತ್ಮ, ಬರಿಗೈಲಿ.'

ಇಂಗ್ಲಿಷಿಗೆ ಇಲ್ಲದ್ದೊಂದು ನಮ್ಮ ಕೈಯಲ್ಲಿದೆ, ನೀನು-ನೀವು-ತಾವು. ಇನ್‌ಸ್ಪೆಕ್ಟರ್ 'ನೀನು' ಅನ್ನಲಿ, ಪತ್ತೇದಾರ 'ತಾವು' ಎನ್ನುತ್ತಲೇ ಇರಲಿ. ಆ ಅತಿ ಮರ್ಯಾದೆಯೇ ಅರ್ಧ ಕೊಂಕು. ಇನ್‌ಸ್ಪೆಕ್ಟರ್ ಕೆನ್ನೆಗೆ ಹೊಡೆದ ಮೇಲೆ ಅವನು ಮೊದಲ ಸಲ 'ನೀನು' ಅಂದರೆ, ಅಲ್ಲಿ ಬೇರೆ ಜೋಕು ಬೇಕಾಗುವುದಿಲ್ಲ. ಆದ್ದರಿಂದ ಅನುವಾದಕ್ಕೆ ಕೂರುವ ಮೊದಲು ಒಂದು ಹಾಳೆಯಲ್ಲಿ ಯಾರು ಯಾರಿಗೆ ಏನೆನ್ನುತ್ತಾರೆ, ಎಷ್ಟನೇ ಅಧ್ಯಾಯದಲ್ಲಿ ಅದು ಬದಲಾಗುತ್ತದೆ ಎಂದು ಪಟ್ಟಿ ಮಾಡಿಟ್ಟುಕೊಳ್ಳಿ. ನಿರೂಪಣೆಯಲ್ಲಿ 'ಹೋದೆನು, ಬಂದೆನು' ಬೇಡ, 'ಹೋದೆ, ಬಂದೆ' ಸಾಕು. ಆ ಕೊನೆಯ 'ನು' ಒಂದೇ ಮಾರ್ಲೋನನ್ನು ಹರಿಕಥೆದಾಸನನ್ನಾಗಿ ಮಾಡಿಬಿಡುತ್ತದೆ.