ಸಾರಿಗೆ ಬೆರೆಸಿದ ಮಾತ್ರೆ

ಮಗನ ವಿಷಯಕ್ಕೆ ಸಲಹೆ ಕೇಳಲು ತಾಯಿ ಒಬ್ಬರೇ ನನ್ನ ಹತ್ತಿರ ಬಂದಿದ್ದರು. ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯವರು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಪರ್ಸಿನಿಂದ ಮಾತ್ರೆಯ ಪಟ್ಟಿ ತೆಗೆದಿಟ್ಟರು. ಹೆಸರಿದ್ದ ಜಾಗವನ್ನೆಲ್ಲ ಉಗುರಿನಿಂದ ಕೆರೆದು ಹಾಕಿದ್ದರು.

“ಮಗ ನಾನು ಮಾಡಿದ್ದು ಒಂದೂ ಮುಟ್ಟಲ್ಲ ಮೇಡಂ.”

ಮಗನಿಗೆ 24. ವರ್ಷದಿಂದ ಯಾರೋ ಬೈಯುವ ದನಿ ಕೇಳಿಸುತ್ತದೆ. ತನ್ನನ್ನು ಸಾಯಿಸಲು ನೋಡುತ್ತಿದ್ದಾರೆ ಎಂಬ ಅನುಮಾನ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿ ಆರು ತಿಂಗಳು ಕಳೆದರು. ಆಮೇಲೆ ಮನೋವೈದ್ಯರಿಗೆ ತೋರಿಸಿದ್ದು, ಅದೂ ಶಿರಾಡಿ ಘಾಟಿ ಇಳಿದು ಮಂಗಳೂರಿನಲ್ಲಿ. ಹಾಸನದಲ್ಲಿ ಗುರುತಿನವರು ಕಂಡರೆ? ಮಗಳಿಗೆ ಗಂಡು ಹುಡುಕುತ್ತಿದ್ದಾರೆ. ಕಾಯಿಲೆ ಸ್ಕಿಜೋಫ್ರೇನಿಯಾ ಎಂದು ಮಗನಿಗೇ ಹೇಳಿಲ್ಲ. ಮಾತ್ರೆ ಪುಡಿಮಾಡಿ ಸಾರಿಗೆ ಬೆರೆಸುತ್ತಿದ್ದರು. ಒಂದು ದಿನ ಅವನು ಅದನ್ನು ಕಂಡುಬಿಟ್ಟ.

ಊಟಕ್ಕೆ ವಿಷ ಹಾಕ್ತಾರೆ ಎಂದು ಮೊದಲೇ ಹೆದರಿದ್ದ ಹುಡುಗ. ಅವನ ಅನುಮಾನಕ್ಕೆ ಮನೆಯವರೇ ಸಾಕ್ಷಿ ಒದಗಿಸಿದ ಹಾಗಾಯಿತು, ಅಲ್ವಾ? ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಯಿತು. ಆಮೇಲೆ ನನಗೇ ಬೇಜಾರು. ‘ಇವನನ್ನ ನಿಮ್ಹಾನ್ಸಿಗೆ ಸೇರಿಸಬೇಕು’ ಅನ್ನುವುದು ನಮ್ಮಲ್ಲಿ ಬೈಗುಳ. ಅದನ್ನು ಕೇಳಿಕೊಂಡೇ ಬೆಳೆದವರು ಮಾತ್ರೆಯ ಹೆಸರು ಕೆರೆಯದೆ ಇನ್ನೇನು ಮಾಡಿಯಾರು?

ಬೆರೆಸುವುದನ್ನು ನಿಲ್ಲಿಸಿ ಎಂದೆ. ಮಗ ಮಾತ್ರೆ ತೆಗೆದುಕೊಳ್ಳುವುದು ತಪ್ಪಿದೆ ಎಂದು ಇವತ್ತೇ ಡಾಕ್ಟರಿಗೆ ತಿಳಿಸಬೇಕು, ಇಲ್ಲದಿದ್ದರೆ ಕಾಯಿಲೆ ಜಾಸ್ತಿಯಾಗಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕಾಯಿಲೆಯವರಿಗೆ ತಿಳಿಸಿ, ಸಾಮಾನ್ಯವಾಗಿ ಅವರನ್ನು ಕೇಳಿಯೇ ಚಿಕಿತ್ಸೆ ಕೊಡಬೇಕು ಅನ್ನುತ್ತದೆ. ಆದರೆ ಕಾನೂನಿಗಿಂತ ನಂಬಿಕೆಯ ಮಾತು ದೊಡ್ಡದು. ಮಗನ ಹತ್ತಿರ ತಪ್ಪಾಯ್ತು ಅನ್ನಿ. ಒಂದೇ ಪಾತ್ರೆಯಿಂದ ಅವನೇ ಬಡಿಸಿಕೊಳ್ಳಲಿ, ನೀವೂ ಜೊತೆಗೇ ಉಣ್ಣಿ. ದನಿ ಸುಳ್ಳು ಎಂದು ವಾದ ಬೇಡ. ‘ನನಗೆ ಕೇಳಿಸ್ತಿಲ್ಲ ಮಗ, ನಿನಗೆ ಭಯ ಆಗ್ತಿದೆ ಅಂತ ಗೊತ್ತು’ ಅಷ್ಟು ಸಾಕು. ನಿದ್ದೆ ಬರಲ್ಲ ಎಂದು ಅವನೇ ಗೋಳಾಡುತ್ತಾನಂತೆ. ಡಾಕ್ಟರ ಮಾತನ್ನು ಅಲ್ಲಿಂದಲೇ ಎತ್ತಬಹುದು.

“ಇದು ನಿದ್ದೆ ಮಾತ್ರೆ, ಚಟ ಆಗುತ್ತೆ ಅಂತಾರಲ್ಲ?”

ಇದು ಸ್ಕಿಜೋಫ್ರೇನಿಯಾದ ಮಾತ್ರೆ, ಚಟ ಆಗುವುದಿಲ್ಲ. ಮಂಪರು ಬರಬಹುದು, ತೂಕ ಏರಬಹುದು. ಅದಕ್ಕೆ ಡಾಕ್ಟರು ಪ್ರಮಾಣ ಬದಲಿಸುತ್ತಾರೆ. ಅವನು ಒಪ್ಪಿದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಇದೆ. ಮಳೆಗಾಲದಲ್ಲಿ ಘಾಟಿ ಬಂದ್ ಆದರೆ ಮಾತ್ರೆಯೂ ಬಂದ್. ಹಾಗಾಗಿ ಹಾಸನದಲ್ಲೇ ತೋರಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಉಚಿತವಾಗಿ ನೋಡುತ್ತಾರೆ ಎಂದೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಗಳ ಮದುವೆಯ ವಿಷಯ ಮನೆಯವರಿಗೇ ಬಿಟ್ಟೆ. ಗಂಡಿನವರು ಬಂದ ದಿನ ಇವನನ್ನು ಕೋಣೆಯಲ್ಲಿ ಕೂಡಿಹಾಕಬೇಡಿ ಎಂದಷ್ಟೇ ಹೇಳಿದೆ.

ಮೂರನೇ ಭೇಟಿಗೆ ಮಗನೂ ಬಂದ. ಕಾಫಿ ಮುಟ್ಟಲಿಲ್ಲ. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಹೆಸರು ಯಾಕಮ್ಮ ಕೆರೆದೆ?” ಅಂದ. ನಾನು ಸುಮ್ಮನೆ ಕೂತೆ. ಆ ಉತ್ತರ ಅಮ್ಮನೇ ಹೇಳಬೇಕಿತ್ತು.